ಹಳೇ ಮನೆಗೆ ಯಾವ ನೆಲ? ರೆಡ್ ಆಕ್ಸೈಡ್, ಟೈಲ್ಸ್, ಶಹಾಬಾದ್ ಕಲ್ಲು

ಹಳೇ ಮನೆಯಲ್ಲಿ ಗಟ್ಟಿಯಾದ ರೆಡ್ ಆಕ್ಸೈಡ್ ನೆಲ, ಅಂದರೆ ಕೆಂಪು ಬಣ್ಣ ಬೆರೆಸಿದ ಸಿಮೆಂಟ್ ನೆಲ, ಇದ್ದರೆ ಮುಚ್ಚಬೇಡಿ, ಪಾಲಿಶ್ ಮಾಡಿಸಿ. ಮೈಸೂರಿನ ನಮ್ಮ ಮನೆ ಅಜ್ಜ 1970ರ ದಶಕದಲ್ಲಿ ಕಟ್ಟಿಸಿದ್ದು. ರಿಪೇರಿ ಮಾಡಿಸುವಾಗ ಹಾಲಿಗೆ ವಿಟ್ರಿಫೈಡ್ ಟೈಲ್ಸ್, ಅಡುಗೆಮನೆಗೆ ಶಹಾಬಾದ್ ಕಲ್ಲು ಹಾಕಿಸಿದೆವು. ರೂಮುಗಳಲ್ಲಿ ಹಳೇ ಕೆಂಪು ನೆಲವನ್ನೇ ಉಳಿಸಿಕೊಂಡೆವು. ಈಗ ಮೂರರ ಮೇಲೂ ದಿನಾ ಓಡಾಡುತ್ತೇವೆ.

ಟೈಲ್ಸ್ ನೋಡೋಕೆ ಚೆನ್ನಾಗಿದೆ. ಎರಡಡಿಗೆ ನಾಲ್ಕಡಿಯದು, ಸಂದು ಕಡಿಮೆ, ಹಾಲ್ ದೊಡ್ಡದಾಗಿ ಕಾಣುತ್ತದೆ. ಕಲೆ ಕೂರುವುದಿಲ್ಲ.

ತೊಂದರೆ ಬಂದದ್ದು ಎತ್ತರದಿಂದ. ಹಳೇ ನೆಲ ಅಗೆದರೆ ಧೂಳು, ಕಸ, ಕೂಲಿ ಎಲ್ಲಾ ಜಾಸ್ತಿ ಅಂತ ಮೇಸ್ತ್ರಿ ಅದರ ಮೇಲೇ ಟೈಲ್ಸ್ ಕೂರಿಸಿದರು. ಬರೀ ಅಂಟಿನಲ್ಲಿ ಕೂರಿಸಿದ್ದರೆ ಅರ್ಧ ಇಂಚಿನಲ್ಲಿ ಮುಗಿಯುತ್ತಿತ್ತು. ಆದರೆ ಹಳೇ ನೆಲ ಒಂದೇ ಮಟ್ಟದಲ್ಲಿ ಇರುವುದಿಲ್ಲ ಅಲ್ವಾ? ತಗ್ಗು ತುಂಬಿಸಲು ಸಿಮೆಂಟ್ ಹಾಸು ಬೇಕಾಯಿತು. ಒಟ್ಟು ಹೆಚ್ಚುಕಡಿಮೆ ಎರಡು ಇಂಚು ಏರಿತು.

ಆಮೇಲೆ ಒಂದರ ಹಿಂದೆ ಒಂದು. ಹಾಲ್ ಕಡೆ ತೆರೆಯುವ ತೇಗದ ಬಾಗಿಲುಗಳನ್ನೆಲ್ಲ ಕಳಚಿ ಕೆಳಗೆ ಕೊಯ್ಯಬೇಕಾಯಿತು. ಕೆಳಗಿನ ಪಟ್ಟಿ ಸಣ್ಣದಾಗಿ ಬಾಗಿಲಿನ ಅಂದವೇ ಕೆಟ್ಟಿತು. ಅಮ್ಮ ದಿನಾ ಅರಿಶಿನ ಕುಂಕುಮ ಇಡುವ ಹೊಸ್ತಿಲು ಒಳಗಡೆಯಿಂದ ನೆಲಕ್ಕೆ ಸಮವಾಯಿತು. ಎಲ್ಲಕ್ಕಿಂತ ಕಷ್ಟ ಮಹಡಿ ಮೆಟ್ಟಿಲಿನದು. ಏಳು ಇಂಚಿದ್ದ ಕೊನೇ ಮೆಟ್ಟಿಲು ಈಗ ಐದೇ ಇಂಚು. ಇಳಿಯುವಾಗ ಕಾಲಿಗೆ ನೆಲ ಬೇಗ ಸಿಕ್ಕಿ ಮುಗ್ಗರಿಸುವಂತಾಗುತ್ತದೆ. ವಯಸ್ಸಾದವರಿರುವ ಮನೆಯಲ್ಲಿ ಇದು ಸಣ್ಣ ವಿಷಯ ಅಲ್ಲ. ಟೈಲ್ಸೇ ಬೇಕು ಅನ್ನುವವರು ಆರಿಸುವ ಮೊದಲು ಬಾಗಿಲ ಕೆಳಗಿನ ಜಾಗ ಮತ್ತು ಕೆಳಗಿನ ಮೆಟ್ಟಿಲಿನ ಎತ್ತರ ಅಳೆಯಿರಿ.

ಶಹಾಬಾದ್ ಕಲ್ಲು ನಮ್ಮ ಕಲಬುರಗಿ ಕಡೆಯದು, ಗಟ್ಟಿ, ಕಾಲಿಗೆ ತಂಪು. ಆದರೆ ಅದು ಸುಣ್ಣದ ಕಲ್ಲು. ನಿಂಬೆರಸ, ಹುಣಸೆಹುಳಿ ಬಿದ್ದು ಹಾಗೇ ಬಿಟ್ಟರೆ ಪಾಲಿಶ್ ಹೋಗಿ ಮಂಕು ಕಲೆ ಉಳಿಯುತ್ತದೆ. ಒಗೆಯುವ ಜಾಗಕ್ಕೆ ಸರಿ.

ಇನ್ನು ಕೆಂಪು ನೆಲ. ಮೇಲಿನ ಕೆಂಪು ಪದರ ತೆಳು, ಕೆಲವೇ ಮಿಲಿಮೀಟರ್. ಒರಟು ಉಜ್ಜುಗಲ್ಲು ಹಾಕಿ ಪಾಲಿಶ್ ಮೆಷಿನ್ ಓಡಿಸಿದರೆ ಕೆಳಗಿನ ಬೂದು ಸಿಮೆಂಟ್ ಎದ್ದು ಬರುತ್ತದೆ. ನಯವಾದ ಕಲ್ಲಿನಿಂದಲೇ ಶುರು ಮಾಡಿ ಅಂತ ಪಕ್ಕದಲ್ಲಿ ನಿಂತು ಹೇಳಿ. ಕೂದಲೆಳೆ ಬಿರುಕುಗಳು ಹಾಗೇ ಇರುತ್ತವೆ. ತೇಪೆ ಹಾಕಿದರೆ ಬಣ್ಣ ಹೊಂದುವುದಿಲ್ಲ, ಸುಮ್ನೆ ಬಿಡುವುದೇ ಮೇಲು. ಬಾತ್‌ರೂಮ್ ಆಸಿಡ್ ಹತ್ತಿರವೂ ತರಬೇಡಿ.

ಗೋಡೆಗೆ ಬಿಳಿ ಬಣ್ಣ ಬಳಿಸಿ, ಹಳೇ ಟ್ಯೂಬ್‌ಲೈಟ್ ತೆಗೆದು ಹಳದಿ ಬೆಳಕಿನ ದೀಪ ಹಾಕಿಸಿದ ಮೇಲೆ ಆ ಕೆಂಪು ಎಷ್ಟು ಚೆಂದ ಕಾಣುತ್ತದೆ ಗೊತ್ತಾ! ಬಂದವರೆಲ್ಲ ಹಾಲ್ ದಾಟಿ ಬಂದು ರೂಮಿನ ನೆಲದ ಬಗ್ಗೆಯೇ ಕೇಳುತ್ತಾರೆ. ಪಾಲಿಶ್ ಖರ್ಚು ಟೈಲ್ಸಿನ ಅರ್ಧವೂ ಆಗಲಿಲ್ಲ.

ನಾವು ನೆಲದ ಮೇಲೆ ಕೂತು ಊಟ ಮಾಡುವವರು, ಬರಿಗಾಲಲ್ಲೇ ಓಡಾಡುವವರು. ನೆಲವನ್ನು ದಿನಾ ಒರೆಸುವ ಅಭ್ಯಾಸ ನನ್ನದು. ಒರೆಸಿದಷ್ಟೂ ಕೆಂಪು ನೆಲ ಹೊಳಪಾಗುತ್ತದೆ. ಮಹಡಿ ಮೇಲಿನ ರೂಮುಗಳ ಕೆಲಸ ಇನ್ನೂ ಬಾಕಿ ಇದೆ. ಅಲ್ಲಿ ಪಾಲಿಶ್ ಅಷ್ಟೇ ಅಂತ ಮೇಸ್ತ್ರಿಗೆ ಹೇಳಿಯಾಗಿದೆ.