ಎಕೋ, ಸಿ.ಟಿ., ಎಂ.ಆರ್.ಐ.: ಹೃದಯದ ಇಮೇಜಿಂಗ್ ಕಲಿಯಲು ಯಾವುದನ್ನು ಮೊದಲು ಹಿಡಿಯಬೇಕು?

ಮೂರರಲ್ಲೂ ತರಬೇತಿ ಪಡೆದು ಮೂರರ ರಿಪೋರ್ಟ್‌ಗೂ ಸಹಿ ಹಾಕುವುದರಿಂದ, ಈ ಪ್ರಶ್ನೆ ಕಿರಿಯರಿಂದ ನನಗೆ ಬರುತ್ತಲೇ ಇರುತ್ತದೆ. ನನ್ನ ಉತ್ತರ ಎಕೋ, ಅಂದರೆ ಎದೆಯ ಮೇಲೆ ಪ್ರೋಬ್ ಇಟ್ಟು ಶಬ್ದದ ಅಲೆಗಳಿಂದ ಹೃದಯದ ಚಿತ್ರ ತೆಗೆಯುವ ಪರೀಕ್ಷೆ. ಆದರೆ ನಾನು ಹೆಚ್ಚು ಹೊತ್ತು ಕಳೆಯುವುದು ಎಂ.ಆರ್.ಐ. ಮುಂದೆ.

ಎಕೋದಲ್ಲಿ ಚಿತ್ರ ತೆಗೆಯುವ ಕೈ, ಓದುವ ಕಣ್ಣು ಎರಡೂ ನಿಮ್ಮದೇ ಆಗಿರಬಹುದು. ಪ್ರೋಬ್ ಒಂದು ಪಕ್ಕೆಲುಬಿನ ಸಂದಿಯಷ್ಟು ಮೇಲೆ ಕೂತರೂ ಸಾಕು, ಎಡ ಹೃತ್ಕುಕ್ಷಿ (ಮೈಗೆಲ್ಲ ರಕ್ತ ಹಿಂಡುವ ಕೋಣೆ) ಮೊಟಕಾಗಿ ಗುಂಡಗೆ ಕಾಣುತ್ತದೆ. ನಿಜವಾದ ತುದಿ ಚಿತ್ರದೊಳಗೆ ಬರುವುದೇ ಇಲ್ಲ. ಅಲ್ಲಿ ರಕ್ತ ಹೆಪ್ಪುಗಟ್ಟಿದ್ದರೆ ಅದೂ ತಪ್ಪಿಹೋಯಿತು. ರಕ್ತ ಹರಿಯುವ ವೇಗ ಅಳೆಯುವ ಡಾಪ್ಲರ್ ಇನ್ನೂ ಕಟ್ಟುನಿಟ್ಟು. ಕಿರಿದಾದ ಅಯೋರ್ಟಿಕ್ ಕವಾಟದಲ್ಲಿ (ಎಡ ಹೃತ್ಕುಕ್ಷಿಯಿಂದ ಮಹಾಪಧಮನಿ ಅಯೋರ್ಟಾಗೆ ಹೋಗುವ ಬಾಗಿಲು) ರಕ್ತದ ವೇಗ ಸೆಕೆಂಡಿಗೆ 4 ಮೀಟರ್ ಮುಟ್ಟಿದರೆ ಅದು ತೀವ್ರ ಕಾಯಿಲೆ. ಶಬ್ದದ ಅಲೆ ಹರಿವಿಗೆ 30 ಡಿಗ್ರಿ ಓರೆಯಾಗಿ ಬಿದ್ದರೆ ಅದೇ ಕವಾಟ 3.5ರ ಹತ್ತಿರ ತೋರಿಸುತ್ತದೆ. ಕವಾಟದ ಎರಡು ಬದಿಯ ಒತ್ತಡದ ವ್ಯತ್ಯಾಸದ ಲೆಕ್ಕದಲ್ಲಿ ವೇಗದ ವರ್ಗ ಬರುವುದರಿಂದ 64 ಮಿ.ಮೀ. ಪಾದರಸ ಇದ್ದದ್ದು 48ಕ್ಕೆ ಇಳಿಯುತ್ತದೆ. ಆಗ ರೋಗಿಯನ್ನು ಬಲಮಗ್ಗುಲಿಗೆ ತಿರುಗಿಸಿ, ಎದೆಮೂಳೆಯ ಬಲಬದಿಯಿಂದ ಪೆನ್ಸಿಲ್ ಪ್ರೋಬಿನಲ್ಲಿ ಇನ್ನೊಮ್ಮೆ ಹುಡುಕಬೇಕು. ಈ ಹಟ ಪುಸ್ತಕದಿಂದ ಬರುವುದಿಲ್ಲ. ಶ್ವಾಸಕೋಶ ಉಬ್ಬಿದ ರೋಗಿಯಲ್ಲಿ ಮಾತ್ರ ಎಷ್ಟು ಹಟ ಹಿಡಿದರೂ ಪರದೆ ಮಂಜು ಮಂಜು.

ಸಿ.ಟಿ. ಬೇಗ ಕೈಹಿಡಿಯುತ್ತದೆ. ಸ್ಕ್ಯಾನ್ ಕೆಲವೇ ಸೆಕೆಂಡು. ಕೆಲಸವೆಲ್ಲ ಅದಕ್ಕಿಂತ ಮುಂಚೆ. ಬೀಟಾ ಬ್ಲಾಕರ್ ಕೊಟ್ಟು ಬಡಿತವನ್ನು 60ರ ಆಸುಪಾಸಿಗೆ ತರುವುದು, ನಾಲಿಗೆಯಡಿ ನೈಟ್ರೋಗ್ಲಿಸರಿನ್, ಉಸಿರು ಹಿಡಿಯುವ ಅಭ್ಯಾಸ. ಹೃದಯದ ಸ್ನಾಯುವಿಗೇ ರಕ್ತ ಕೊಡುವ ಕೊರೊನರಿ ರಕ್ತನಾಳ ಚೊಕ್ಕಟವಾಗಿದೆ ಎಂದು ಒಳ್ಳೆಯ ಸಿ.ಟಿ. ಹೇಳಿದರೆ ನಾನು ಕಣ್ಣುಮುಚ್ಚಿ ನಂಬುತ್ತೇನೆ. ಅಡಚಣೆ ಇದೆ ಎಂದಾಗ ಅಷ್ಟು ನಂಬಿಕೆ ಇಲ್ಲ, ಏಕೆಂದರೆ ಸುಣ್ಣ ಕಟ್ಟಿದ ಜಾಗ ಇರುವುದಕ್ಕಿಂತ ದಪ್ಪಗೆ ಹರಡಿಕೊಂಡು ನಾಳವನ್ನು ಕಿರಿದು ಮಾಡಿ ತೋರಿಸುತ್ತದೆ.

ವಿಕಿರಣ ಸೂಸುವ ಮದ್ದು ಕೊಟ್ಟು ಸ್ನಾಯುವಿನ ಭಾಗಗಳಿಗೆ ರಕ್ತ ಎಷ್ಟು ತಲುಪುತ್ತದೆಂದು ಹೋಲಿಸಿ ನೋಡುವ ಪರಮಾಣು ಸ್ಕ್ಯಾನ್ ಕೂಡ ಕಲಿತೆ, ಮನಸ್ಸಿಗೆ ಹಿಡಿಸಲಿಲ್ಲ. ಮೂರೂ ನಾಳಗಳಲ್ಲಿ ಸಮನಾಗಿ ಅಡಚಣೆಯಿದ್ದರೆ ಹೋಲಿಸಲು ಆರೋಗ್ಯವಾದ ಭಾಗವೇ ಉಳಿಯದೆ ಚಿತ್ರ ಸರಿಯಾಗಿಯೇ ಕಾಣಬಹುದು.

ಎಂ.ಆರ್.ಐ. ರುಚಿಯೇ ಬೇರೆ. ಗ್ಯಾಡೋಲಿನಿಯಂ ಎಂಬ ಕಾಂಟ್ರಾಸ್ಟ್ ಮದ್ದು ಕೊಟ್ಟು ಸುಮಾರು 10 ನಿಮಿಷ ಕಾದು, ಆರೋಗ್ಯವಾದ ಸ್ನಾಯು ಪೂರ್ತಿ ಕಪ್ಪಾಗುವ ಗಳಿಗೆಯನ್ನು ಮಿಲಿಸೆಕೆಂಡುಗಳಲ್ಲಿ ಹುಡುಕುತ್ತೇವೆ. ಗಾಯದ ಕಲೆ ಅದರ ಮೇಲೆ ಬೆಳ್ಳಗೆ ಎದ್ದು ನಿಲ್ಲುತ್ತದೆ. ಕಲೆ ಒಳಪದರದಿಂದ ಹೊರಕ್ಕೆ ಬೆಳೆದಿದ್ದರೆ ಹೃದಯಾಘಾತದ್ದು; ಒಳಪದರವನ್ನು ಬಿಟ್ಟು ಹೊರಪದರದಲ್ಲಿದ್ದರೆ ಸ್ನಾಯುವಿನ ಉರಿಯೂತದ ಕಡೆ ಯೋಚಿಸುತ್ತೇವೆ. ಎಕೋದಲ್ಲಿ ಈ ಎರಡೂ ಬಗೆಯ ರೋಗಿಗಳು "ಇ.ಎಫ್. 35" (ಪ್ರತಿ ಬಡಿತಕ್ಕೆ ಹೃತ್ಕುಕ್ಷಿ ಹಿಂಡುವ ರಕ್ತದ ಶೇಕಡಾ ಪಾಲು) ಅಷ್ಟೇ! ಕೆಲವೊಮ್ಮೆ ಆ ಕಪ್ಪು ಗಳಿಗೆ ಸಿಗುವುದೇ ಇಲ್ಲ, ಸ್ನಾಯುವೂ ರಕ್ತವೂ ತಲೆಕೆಳಗಾಗಿ ವರ್ತಿಸುತ್ತವೆ. ಅಂಥಲ್ಲಿ ಅಮೈಲಾಯ್ಡ್ (ಸ್ನಾಯುವಿನಲ್ಲಿ ಅಸಹಜ ಪ್ರೋಟೀನ್ ತುಂಬಿಕೊಳ್ಳುವ ಕಾಯಿಲೆ) ಅನುಮಾನ ಮೊದಲು ಬರಬೇಕು. ಪದೇ ಪದೇ ರಕ್ತ ಹಾಕಿಸಿಕೊಂಡವರ ಹೃದಯದಲ್ಲಿ ಕಬ್ಬಿಣ ಕೂತಿದೆಯೇ ಎಂಬುದನ್ನು ಟಿ2 ಸ್ಟಾರ್ ಎಂಬ ಎಂ.ಆರ್.ಐ. ಅಳತೆ 20 ಮಿಲಿಸೆಕೆಂಡಿಗಿಂತ ಕಡಿಮೆ ಬರುವುದರಿಂದಲೇ ತಿಳಿಯಬಹುದು, ಸೂಜಿ ಚುಚ್ಚಿ ಸ್ನಾಯು ತೆಗೆಯಬೇಕಿಲ್ಲ.

ತಾಪತ್ರಯವೂ ಅಷ್ಟೇ ಇದೆ. ಮುಕ್ಕಾಲು ಗಂಟೆ ಸುರಂಗದಲ್ಲಿ ಮಲಗಿ ಮತ್ತೆ ಮತ್ತೆ ಉಸಿರು ಹಿಡಿಯುವುದು ಏದುಸಿರಿನ ರೋಗಿಗೆ ಶಿಕ್ಷೆ. ಬಡಿತದ ಲಯ ತಪ್ಪಿದರೆ ಚಿತ್ರ ಕಲಸಿಹೋಗುತ್ತದೆ. ಕವಾಟದ ಮೇಲೆ ಅಲ್ಲಾಡುವ ಸಣ್ಣ ಸೋಂಕಿನ ಗಂಟು ಎಕೋಗೆ ಸಿಕ್ಕಂತೆ ಇದಕ್ಕೆ ಸಿಗುವುದಿಲ್ಲ.

ಸ್ನಾಯುವಿನ ಕಾಯಿಲೆಗಳಲ್ಲಿ ಆಸಕ್ತಿ ಇದ್ದವರು ಎಂ.ಆರ್.ಐ.ಗೆ ಬನ್ನಿ, ಆದರೆ ಪ್ರೋಬ್ ಕೆಳಗಿಡಬೇಡಿ. ಮೈಟ್ರಲ್ ಕವಾಟದ (ಎಡ ಹೃತ್ಕುಕ್ಷಿಯ ಒಳಬಾಗಿಲು) ಸೋರಿಕೆಯನ್ನು ಎಂ.ಆರ್.ಐ.ನಲ್ಲಿ ಸಾಮಾನ್ಯವಾಗಿ ಕಳೆಯುವ ಲೆಕ್ಕದಿಂದ ತೆಗೆಯುತ್ತೇವೆ: ಹೃತ್ಕುಕ್ಷಿ ಹಿಂಡಿದ್ದು 100 ಮಿ.ಲೀ., ಅಯೋರ್ಟಾಗೆ ಹೋದದ್ದು 60, ಸೋರಿದ್ದು 40. ಎಕೋ ಬೇರೆ ಮಾತು ಹೇಳಿದರೆ, ಅಲ್ಲಿ ಅಲೆಯ ಕೋನ ಕೆಟ್ಟಿತ್ತೋ, ಇಲ್ಲಿ ಹೃತ್ಕುಕ್ಷಿಯ ಅಂಚು ಎಳೆದದ್ದು ಕೆಟ್ಟಿದೆಯೋ ಎಂದು ಹೇಳಬಲ್ಲವರು ಎರಡನ್ನೂ ಕೈಯಾರೆ ಮಾಡಿದವರು ಮಾತ್ರ.