ಎರಡು ಗಜೀಬೊಗಳ ನಡುವಿನ ಮಳೆಪಟ್ಟಿ: ಬಳಸಿ ನೋಡಿದ ಅಭಿಪ್ರಾಯ

3 ಮೀಟರ್ ಅಗಲದ ಎರಡು ಮಡಚುವ ಗಜೀಬೊಗಳನ್ನು (ಸರಳಿನ ಚೌಕಟ್ಟಿನ ಮೇಲೆ ಬಟ್ಟೆಯ ಚಾವಣಿ ಹೊದಿಸಿದ ಚಪ್ಪರಗಳನ್ನು) ಅಂಗಳದಲ್ಲಿ ಅಕ್ಕಪಕ್ಕ ನಿಲ್ಲಿಸಿದಾಗ, ಎರಡೂ ಚಾವಣಿಗಳ ನೀರು ನಡುವಿನ ಸಂದಿಯಲ್ಲೇ ಸುರಿದು ಊಟದ ಪಂಕ್ತಿಯನ್ನು ತೋಯಿಸುತ್ತದೆ. ಆ ಸಂದಿ ಮುಚ್ಚಲೆಂದು ಆನ್‌ಲೈನ್‌ನಲ್ಲಿ ತರಿಸಿದ ಈ ಪಟ್ಟಿ ಪಿವಿಸಿ ಲೇಪಿತ ಪಾಲಿಯೆಸ್ಟರ್ ಬಟ್ಟೆಯದು. ಎರಡೂ ಅಂಚಿನ ವೆಲ್ಕ್ರೋ ಚೌಕಟ್ಟಿನ ಸರಳುಗಳನ್ನು ಸುತ್ತಿ ಹಿಡಿಯುತ್ತದೆ. ನಡುವೆ ಸಡಿಲವಾಗಿ ಜೋತುಬಿದ್ದ ಬಟ್ಟೆಯೇ ಕಾಲುವೆ. ಸೂರಿನಡಿ ಅಡಿಕೆ ದಂಬೆ (ಸೀಳಿ ಟೊಳ್ಳು ಮಾಡಿದ ಅಡಿಕೆ ಮರ) ಕಟ್ಟುವ ಮಲೆನಾಡಿನ ಕ್ರಮವೇ ಇದು.

ಜಡಿಮಳೆಯಲ್ಲೂ ಬಟ್ಟೆಯ ಮೂಲಕ ನೀರು ಜಿನುಗಲಿಲ್ಲ. ಹೊಲಿಗೆಯ ರಂಧ್ರಗಳ ಮೇಲೆ ಟೇಪ್ ಅಂಟಿಸಿರುವುದು ಮೆಚ್ಚತಕ್ಕದ್ದು. ಆದರೆ ಚಾವಣಿಯ ಅಂಚಿನಿಂದ ಇಳಿಬಿದ್ದ ಬಟ್ಟೆ ಪಟ್ಟಿಯ ಒಳಗೇ ಇರಬೇಕು, ಹೊರಗುಳಿದರೆ ನೀರು ಅದರ ಹಿಂಬದಿಯಿಂದ ಜಾರುತ್ತದೆ. ಪಟ್ಟಿಯ ಒಂದು ತುದಿಯ ಕಡೆ ಎರಡೂ ಗಜೀಬೊಗಳ ಕಾಲುಗಳನ್ನು, ಎತ್ತರ ಹೊಂದಿಸುವ ರಂಧ್ರಗಳಲ್ಲಿ ಒಂದರಷ್ಟು ತಗ್ಗಿಸದಿದ್ದರೆ ನೀರು ಹರಿಯದೆ ನಡುವೆ ನಿಲ್ಲುತ್ತದೆ. 10 ಲೀಟರ್ ನಿಂತರೂ 10 ಕಿಲೋ ಭಾರವಾಗಿ ವೆಲ್ಕ್ರೋ ಬಿಡತೊಡಗುತ್ತದೆ. ಇಷ್ಟು ಮುಖ್ಯವಾದ ಮಾತು ಕೈಪಿಡಿಯಲ್ಲಿ ಇಲ್ಲದಿರುವುದು ತಯಾರಕರ ಉದಾಸೀನವೇ ಸರಿ.

ಗಾಳಿಗೆ ಈ ಪಟ್ಟಿ ಆಸರೆಯಲ್ಲ. ಕೂಡಿಸಿದ ಚಾವಣಿಗಳು ಗಾಳಿಯನ್ನು ಹೆಚ್ಚು ಹಿಡಿಯುವುದರಿಂದ, ಪಕ್ಕಪಕ್ಕದ ಕಾಲುಗಳನ್ನು ಒಂದಕ್ಕೊಂದು ಬಿಗಿದು, ಪ್ರತಿ ಕಾಲಿಗೂ ಮರಳಿನ ಚೀಲ ಕಟ್ಟಲೇಬೇಕು. ಮಡಚುವ ಮುನ್ನ ಪೂರ್ತಿ ಒಣಗಿಸದಿದ್ದರೆ ಬೂಷ್ಟು ಹಿಡಿಯುತ್ತದೆ. ಒಂದೇ ಎತ್ತರದ ಗಜೀಬೊಗಳಿರುವವರು ಧಾರಾಳವಾಗಿ ಕೊಳ್ಳಬಹುದು. ಎತ್ತರ ಬೇರೆಬೇರೆಯಾದರೆ ಇದು ಹೊಂದುವುದಿಲ್ಲ.