ಶಿಕ್ಷಕರ ಹುದ್ದೆ ಕಡಿತ: ಸೇವಾ ಹಿರಿತನವೋ, ಮೌಲ್ಯಮಾಪನವೋ?

ಹುದ್ದೆ ಕಡಿತವಾದಾಗ ಯಾವ ಶಿಕ್ಷಕರನ್ನು ತೆಗೆಯಬೇಕೆಂಬ ವಿಷಯದಲ್ಲಿ, ಅಮೆರಿಕದ ಶಾಲಾ ಮಂಡಳಿ (ಸ್ಥಳೀಯ ಶಾಲೆಗಳನ್ನು ನೋಡಿಕೊಳ್ಳುವ ಚುನಾಯಿತ ಸಮಿತಿ) ಚುನಾವಣೆಯಲ್ಲಿ ಹಿರಿತನದ ಪರ ಇರುವವರಿಗೆ ಮತ ಹಾಕಬೇಕೇ, ಶಿಕ್ಷಕರ ಕೆಲಸದ ಮೌಲ್ಯಮಾಪನ ಬೇಕೆನ್ನುವವರಿಗೇ ಎಂದು ಕೇಳಿದ್ದೀರಿ. ಮೊದಲು ನಿಮ್ಮ ರಾಜ್ಯದ ಕಾನೂನು ನೋಡಿ. ಕ್ಯಾಲಿಫೋರ್ನಿಯಾದಲ್ಲಿ ಕೊನೆಗೆ ಸೇರಿದವರು ಮೊದಲು ಹೊರಹೋಗುವುದು ರಾಜ್ಯದ ನಿಯಮ. 2014ರಲ್ಲಿ ವಿಚಾರಣಾ ನ್ಯಾಯಾಲಯ ಅದನ್ನು ತಳ್ಳಿಹಾಕಿದರೂ 2016ರಲ್ಲಿ ಮೇಲ್ಮನವಿಯಲ್ಲಿ ಉಳಿದುಕೊಂಡಿತು. ಅದನ್ನು ರದ್ದುಮಾಡುತ್ತೇನೆನ್ನುವ ಸ್ಥಳೀಯ ಅಭ್ಯರ್ಥಿಯ ಮಾತಿಗೆ ಬೆಲೆಯಿಲ್ಲ. ಎಷ್ಟು ಹುದ್ದೆ, ಯಾವ ವಿಷಯದಲ್ಲಿ ಕಡಿತ ಎಂಬುದು ಮುಖ್ಯವಾಗಿ ಮಂಡಳಿಯ ಕೈಯಲ್ಲಿದೆ, ಅದನ್ನೇ ಕೇಳಿ. ಫ್ಲೋರಿಡಾ 2011ರಲ್ಲೇ ಮೌಲ್ಯಮಾಪನದತ್ತ ಹೊರಳಿತು.

ಖರ್ಚಿನ ಲೆಕ್ಕದಲ್ಲಿ ಹಿರಿತನ ದುಬಾರಿ. ಹೊಸಬರ ಸಂಬಳ ಕಡಿಮೆ, ಹಾಗಾಗಿ ಅಷ್ಟೇ ಹಣ ಉಳಿಸಲು ಹೆಚ್ಚು ಮಂದಿ ಕೆಲಸ ಕಳೆದುಕೊಳ್ಳುತ್ತಾರೆ. ಹೊಸ ಶಿಕ್ಷಕರೇ ತುಂಬಿರುವ ಬಡ ಬಡಾವಣೆಯ ಶಾಲೆಗೆ ಪೆಟ್ಟು ಜೋರು.

ಪಾರದರ್ಶಕತೆಯಲ್ಲಿ ಹಿರಿತನವೇ ಮುಂದೆ: ಸೇರಿದ ದಿನಾಂಕವನ್ನು ಯಾರೂ ತಿದ್ದಲಾರರು. ಮೌಲ್ಯಮಾಪನದಲ್ಲಿ ಮುಖ್ಯೋಪಾಧ್ಯಾಯರ ಮರ್ಜಿ ನುಸುಳುತ್ತದೆ. ಸಂಬಳ ಹೆಚ್ಚೆಂದು ಅನುಭವಿಗಳನ್ನೇ ಕಳುಹಿಸುವ ಆಮಿಷವೂ ಉಂಟು.

ನಿಮ್ಮ ಶಾಲಾ ಜಿಲ್ಲೆಯಲ್ಲಿ (ಮಂಡಳಿಯ ವ್ಯಾಪ್ತಿಯ ಶಾಲೆಗಳಲ್ಲಿ) ತರಬೇತಾದ ಹಲವು ವೀಕ್ಷಕರಿಂದ ಮೌಲ್ಯಮಾಪನ ನಡೆಯುತ್ತಿದ್ದರೆ ಅದಕ್ಕೆ ಒಲವು ತೋರಬಹುದು. ವರ್ಷಕ್ಕೊಮ್ಮೆ ಇಣುಕಿ ಅಂಕ ಹಾಕುವ ಪದ್ಧತಿಯಾದರೆ ನನಗೆ ಹಿರಿತನವೇ ಲೇಸು.